ಗುರುತು ಗೋದಲಿ: ಕ್ರಿಸ್ಮಸ್ ಬಗ್ಗೆ ಸತ್ಯವೇದ ಹೇಳುವುದೇನು?

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯವರು. ಮೂರು ತಲೆಮಾರಿನಿಂದ ಕ್ರೈಸ್ತರು. ಪ್ರತಿ ಡಿಸೆಂಬರಿನಲ್ಲಿ ಬಾಗಿಲ ಮುಂದೆ ನಕ್ಷತ್ರ ಕಟ್ಟಿ, ಜಗಲಿಯ ಮೇಲೆ ಗೋದಲಿ ಮಾಡಿ, ಊರಿನವರಿಗೆಲ್ಲ ಕೇಕು, ಕರ್ಜಿಕಾಯಿ ಹಂಚುತ್ತೇವೆ. ಈ ಸಲ ಬೆಂಗಳೂರಿನಿಂದ ಬಂದಿದ್ದ ದೊಡ್ಡಪ್ಪನ ಮಗ, ನನ್ನ ಅಣ್ಣ, “ಡಿಸೆಂಬರ್ 25 ಎಂಬುದು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ಇದು ಅನ್ಯರಿಂದ ಬಂದ ಹಬ್ಬ, ಆಚರಿಸುವುದೇ ತಪ್ಪು” ಎಂದು ಹೇಳಿ ಹೋದರು. ನಮ್ಮ ಪಕ್ಕದ ಮನೆಯ ಹಿರಿಯರು, “ನಮಗೆ ಕೃಷ್ಣ ಜನ್ಮಾಷ್ಟಮಿ ಇದ್ದ ಹಾಗೆ ನಿಮಗೆ ಕ್ರಿಸ್ಮಸ್, ಅದೂ ಒಂದು ಅವತಾರ ತಾನೇ” ಎನ್ನುತ್ತಾರೆ. ಇಬ್ಬರಿಗೂ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಇನ್ನೊಂದು ವಿಷಯ. ಆ ಹಿರಿಯರ ಏಳು ವರ್ಷದ ಮೊಮ್ಮಗಳು ಈ ವರ್ಷ ಬಾಲಯೇಸುವನ್ನು ತಾನೇ ಗೋದಲಿಯಲ್ಲಿ ಮಲಗಿಸುತ್ತೇನೆಂದು ಹಟ ಹಿಡಿದಿದ್ದಾಳೆ. ಒಪ್ಪಬಹುದೇ?

ಉತ್ತರ:

ಪ್ರಿಯ ಸಹೋದರಿ,

“ಗೋದಲಿ ಮಾಡುತ್ತೇವೆ” ಎಂದು ಬರೆದಿದ್ದೀರಿ. ಆ ಪದದಿಂದಲೇ ಆರಂಭಿಸುತ್ತೇನೆ. ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರದ ಬೇರು ಅಲ್ಲಿಯೇ ಇದೆ.

ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಕ್ರೈಸ್ತರ ಬಾಯಲ್ಲಿ ಗೋದಲಿ ಎಂದರೆ ಹುಲ್ಲಿನ ಸೂರು, ಪಾಚಿ ಹಾಸಿದ ಗುಡ್ಡ, ಬಣ್ಣದ ದೀಪ, ಕುರಿ, ಒಂಟೆ, ದೇವದೂತ ಎಲ್ಲವೂ ಸೇರಿದ ಇಡೀ ದೃಶ್ಯ. ಪದದ ಮೂಲ ಅರ್ಥ ಅಷ್ಟು ದೊಡ್ಡದಲ್ಲ. ದನಕ್ಕೆ ಹುಲ್ಲು, ಬೂಸ ಹಾಕುವ ತೊಟ್ಟಿ, ಅಷ್ಟೇ. ದನ ಕಟ್ಟಿದ ಮನೆಯವರಿಗೆ ಆ ತೊಟ್ಟಿ ಹೇಗಿರುತ್ತದೆಂದು ಗೊತ್ತು. ಅಂಚು ದನದ ಕುತ್ತಿಗೆ ಉಜ್ಜಿ ಉಜ್ಜಿ ನುಣುಪಾಗಿರುತ್ತದೆ. ತಳದಲ್ಲಿ ಜೊಲ್ಲಿನಿಂದ ಒದ್ದೆಯಾದ ಹುಲ್ಲಿನ ಕಡ್ಡಿಗಳು ಅಂಟಿಕೊಂಡಿರುತ್ತವೆ. ಯೇಸುವಿನ ಜೀವನವನ್ನು ಬರೆದ ನಾಲ್ವರಲ್ಲಿ ಒಬ್ಬನಾದ ಲೂಕನು ತನ್ನ ಸುವಾರ್ತೆಯಲ್ಲಿ ಬಳಸಿದ ಗ್ರೀಕ್ ಪದ ‘ಫಾತ್ನೆ’ಗೂ ಇದೇ ಅರ್ಥ. ಅದೇ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು, ‘ಸಬ್ಬತ್ ಎಂಬ ವಿಶ್ರಾಂತಿಯ ದಿನದಲ್ಲಿ ನೀವು ನಿಮ್ಮ ಎತ್ತನ್ನೋ ಕತ್ತೆಯನ್ನೋ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ’ ಎಂದು ಕೇಳುವಾಗ, ಆ ಎತ್ತನ್ನು ಬಿಚ್ಚುವುದು ಇದೇ ಫಾತ್ನೆಯಿಂದ.

ಲೂಕನ ಎರಡನೆಯ ಅಧ್ಯಾಯವನ್ನು ತೆರೆದು ನಿಧಾನವಾಗಿ ಓದಿ. ಜಗತ್ತಿನ ರಕ್ಷಕನ ಜನನಕ್ಕೆ ಅಲ್ಲಿ ಸಿಕ್ಕಿರುವುದು ಒಂದೇ ವಚನ, ಏಳನೆಯದು. ಹೆರಿಗೆಯ ವಿವರ ಇಲ್ಲ, ತಾಯಿಯ ಮುಖದ ವರ್ಣನೆ ಇಲ್ಲ, ಮಗು ಅತ್ತ ಮಾತೂ ಇಲ್ಲ. ಮಾತಿನಲ್ಲಿ ಇಷ್ಟು ಕೈ ಬಿಗಿಹಿಡಿಯುವ ಲೂಕನು ‘ಗೋದಲಿ’ ಎಂಬ ಪದವನ್ನು ಮಾತ್ರ ಹತ್ತು ವಚನಗಳೊಳಗೆ ಮೂರು ಸಲ ಬರೆಯುತ್ತಾನೆ: 7, 12 ಮತ್ತು 16. ನಡುವಿನದು ದೇವದೂತನು ಕುರುಬರಿಗೆ ಆಡಿದ ಮಾತು. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿರುವ ಕೂಸನ್ನು ಕಾಣುವಿರಿ, ಅದೇ ನಿಮಗೆ ಗುರುತು ಎನ್ನುತ್ತಾನೆ. ಗುರುತು ಎಂಬ ಪದವನ್ನು ದಾಟಿ ಹೋಗಬೇಡಿ. ಆ ರಾತ್ರಿ ಹೊಲದಲ್ಲಿದ್ದವರಿಗೆ ನಕ್ಷತ್ರ ಕಾಣಿಸಲಿಲ್ಲ. ನಕ್ಷತ್ರ ಮತ್ತಾಯನ ಸುವಾರ್ತೆಯಲ್ಲಿ ಬರುತ್ತದೆ, ಅದು ದೂರದಿಂದ ಬಂದ ಜೋಯಿಸರಿಗೆ. ಕುರುಬರಿಗೆ ಸಿಕ್ಕಿದ ಗುರುತು ದನದ ತೊಟ್ಟಿ ಮಾತ್ರ.

ಅದಕ್ಕೆ ಹಿಂದಿನ ವಚನದಲ್ಲಿ ದೂತನು ಆ ಮಗುವಿಗೆ ಮೂರು ಹೆಸರು ಹೇಳಿರುತ್ತಾನೆ: ರಕ್ಷಕ, ಕ್ರಿಸ್ತ, ಕರ್ತ. ಅಧ್ಯಾಯದ ಮೊದಲ ವಚನದಲ್ಲಿ ಬರುವ ಔಗುಸ್ತ ಚಕ್ರವರ್ತಿಯನ್ನೂ ಆ ಕಾಲದ ಜನ ರಕ್ಷಕ ಎಂದೇ ಕರೆಯುತ್ತಿದ್ದರು. ಇಂದಿನ ಟರ್ಕಿಯಲ್ಲಿರುವ ಪ್ರಿಯೇನೆ ಎಂಬ ಹಳೆಯ ಪಟ್ಟಣದಲ್ಲಿ ಕ್ರಿ.ಪೂ. 9ರ ಒಂದು ಶಾಸನ ಸಿಕ್ಕಿದೆ. ಔಗುಸ್ತನ ಹುಟ್ಟುಹಬ್ಬ ಜಗತ್ತಿಗೆ ಶುಭವಾರ್ತೆಯ ಆರಂಭವೆಂದು ಅದರಲ್ಲಿ ಕೊರೆದಿದ್ದಾರೆ. ಆ ಗ್ರೀಕ್ ಪದವನ್ನೇ ನಾವು ಸುವಾರ್ತೆ ಎಂದು ಕನ್ನಡಕ್ಕೆ ತಂದುಕೊಂಡಿದ್ದೇವೆ. ಅರಮನೆಯಲ್ಲಿರುವವನಿಗೆ ಮೀಸಲಾಗಿದ್ದ ಬಿರುದುಗಳನ್ನೆಲ್ಲ ತೆಗೆದುಕೊಂಡು ಹೋಗಿ ಲೂಕನು ಮೇವಿನ ತೊಟ್ಟಿಯಲ್ಲಿ ಮಲಗಿರುವ ಕೂಸಿಗೆ ಕೊಡುತ್ತಾನೆ. ಕ್ರಿಸ್ಮಸ್‌ನ ಅರ್ಥ ಕೇಳಿದವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ದೇವರು ಎಲ್ಲಿದ್ದಾನೆಂದು ಜನ ಹುಡುಕುವ ಜಾಗ ಒಂದು, ಆತನು ಸಿಕ್ಕಿದ ಜಾಗ ಇನ್ನೊಂದು.

ಈ ಏಳನೆಯ ವಚನದ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನೂ ತೆಗೆಯಬೇಕು. ಹಳೆಯ ಕನ್ನಡ ಅನುವಾದದಲ್ಲಿ ‘ಛತ್ರ’ದಲ್ಲಿ ಸ್ಥಳವಿರಲಿಲ್ಲ ಎಂದಿದೆ. ಅದನ್ನು ಹಿಡಿದುಕೊಂಡು ನಮ್ಮ ಭಾನುವಾರ ಶಾಲೆಗಳ ನಾಟಕಗಳಲ್ಲಿ ಛತ್ರದ ಯಜಮಾನನೊಬ್ಬನು ಬಂದು ಗರ್ಭಿಣಿ ಮರಿಯಳ ಮುಖಕ್ಕೆ ಬಾಗಿಲು ಹಾಕುತ್ತಾನೆ. ಲೂಕನಲ್ಲಿ ಅಂಥ ಯಜಮಾನನೇ ಇಲ್ಲ. ಅಲ್ಲಿರುವ ‘ಕತಾಲುಮ’ ಎಂಬ ಪದವನ್ನೇ ಲೂಕನು 22ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರೊಂದಿಗೆ ಕಡೆಯ ಊಟ ಮಾಡಿದ ಮನೆಯ ಕೋಣೆಗೆ ಬಳಸಿದ್ದಾನೆ. ಹಣ ಕೊಟ್ಟು ತಂಗುವ ಛತ್ರವನ್ನು ಹೇಳಬೇಕಾದಾಗ, ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಬೇರೆಯೇ ಪದ ಇಟ್ಟಿದ್ದಾನೆ. ಆದ್ದರಿಂದ ‘ನೆಂಟರ ಕೋಣೆಯಲ್ಲಿ ಜಾಗವಿರಲಿಲ್ಲ’ ಎಂಬ ಓದು ನನಗೆ ಹೆಚ್ಚು ಸರಿ ಕಾಣುತ್ತದೆ. ಖಾನೇಷುಮಾರಿಗೆಂದು, ಅಂದರೆ ಜನಗಣತಿಗೆ ಹೆಸರು ಬರೆಸಲೆಂದು, ಊರಿಗೆ ಬಂದ ಬಂಧುಗಳಿಂದ ಮನೆ ತುಂಬಿತ್ತು. ಆ ನಾಡಿನ ಬಡವರ ಮನೆಗಳಲ್ಲಿ ಒಂದೇ ಸೂರಿನಡಿ, ಒಂದು ಮೆಟ್ಟಿಲು ಕೆಳಗೆ ದನ, ಮೇಲೆ ಮನುಷ್ಯರು. ನಡುವೆ ಮೇವಿನ ತೊಟ್ಟಿ.

ನನಗೆ ಇದು ಪುಸ್ತಕದಿಂದ ಅರ್ಥವಾದದ್ದಲ್ಲ. ಅರಕಲಗೂಡು ಕಡೆ ನಾನು ಹುಟ್ಟಿದ ಮನೆ ಹಾಗೆಯೇ ಇತ್ತು. ಬಾಗಿಲು ದಾಟಿದೊಡನೆ ಬಲಕ್ಕೆ ದನದ ಗೊಂತು, ಎಡಕ್ಕೆ ಒಂದು ಮೆಟ್ಟಿಲೆತ್ತರದಲ್ಲಿ ನಾವು ಮಲಗುವ ನಡುಮನೆ. ರಾತ್ರಿ ಎಚ್ಚರವಾದಾಗ ಹಸು ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಚಳಿಗಾಲದಲ್ಲಿ ಅವುಗಳ ಮೈಯ ಶಾಖ ನಮ್ಮ ಕಡೆಗೂ ಬರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವನಿಗೆ ಯೇಸು ಹುಟ್ಟಿದ ಬೇತ್ಲೆಹೇಮ್ ಪರದೇಶವಾಗುವುದಿಲ್ಲ. ಹೀಗೆ ಓದಿದರೆ ಕಥೆಯ ತೂಕ ಕಡಿಮೆಯಾಯಿತೆಂದು ಕೆಲವರು ಬೇಸರಪಡುತ್ತಾರೆ. ನನ್ನ ಪಾಲಿಗೆ ತೂಕ ಹೆಚ್ಚೇ ಆಯಿತು. ಆತನನ್ನು ಎಲ್ಲರೂ ತಳ್ಳಿದ್ದರಿಂದ ಕೊಟ್ಟಿಗೆಗೆ ಹೋದನೆಂದರೆ ಅದೊಂದು ಅಪರೂಪದ ದುರ್ಘಟನೆಯಾಗುತ್ತಿತ್ತು. ಇಕ್ಕಟ್ಟಿನ ಮನೆಯಲ್ಲಿ, ಇದ್ದುದರಲ್ಲೇ ಹೊಂದಿಸಿ ಮಲಗಿಸಿದರು ಎಂದಾಗ, ಆತನು ಲೋಕದ ಬಹುಪಾಲು ಮಕ್ಕಳು ಹುಟ್ಟುವ ರೀತಿಯಲ್ಲೇ ಹುಟ್ಟಿದನು.

ಎತ್ತು ಮತ್ತು ಕತ್ತೆಯ ಗೊಂಬೆಗಳು ನಿಮ್ಮ ಗೋದಲಿಯಲ್ಲಿ ಖಂಡಿತ ಇರುತ್ತವೆ. ಲೂಕನಲ್ಲಿ ಅವುಗಳ ಹೆಸರಿಲ್ಲ. ಅವು ಬಂದಿರುವುದು ಪ್ರವಾದಿ ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಿಂದ. ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲದು, ನನ್ನ ಜನರಿಗೋ ತಿಳಿವಳಿಕೆ ಇಲ್ಲ ಎಂದು ದೇವರು ಅಲ್ಲಿ ಕೊರಗುತ್ತಾನೆ. ಗ್ರೀಕ್ ಅನುವಾದದಲ್ಲಿ ಆ ಗೋದಲಿಯೂ ಫಾತ್ನೆಯೇ. ಗೊಂಬೆಗಳನ್ನು ತೆಗೆಯಬೇಡಿ. ಅವು ಸತ್ಯವೇದದ ಮಾತನ್ನೇ ನುಡಿಯುತ್ತಿವೆ.

ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳು ಎಂಬ ಮಾತಿನ ಲಯವನ್ನೂ ನೆನಪಿಡಿ. ಲೂಕನ 23ನೆಯ ಅಧ್ಯಾಯಕ್ಕೆ ಬನ್ನಿ. ಶಿಲುಬೆಯಿಂದ ಇಳಿಸಿದ ದೇಹವನ್ನು ಅರಿಮಥಾಯದ ಯೋಸೇಫನು ನಾರುಮಡಿಯಲ್ಲಿ ಸುತ್ತಿ ಸಮಾಧಿಯಲ್ಲಿ ಇಡುತ್ತಾನೆ. ಮೊದಲ ದಿನ ಅಮ್ಮ ಸುತ್ತಿ ಮಲಗಿಸಿದ ಹಾಗೆಯೇ ಕೊನೆಯ ದಿನವೂ ಯಾರೋ ಸುತ್ತಿ ಮಲಗಿಸುತ್ತಾರೆ. ಮತ್ತಾಯನಲ್ಲಿ ಜೋಯಿಸರು ತಂದ ಕಾಣಿಕೆಗಳಲ್ಲಿ ರಕ್ತಬೋಳವಿದೆ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಇಂದಿಗೂ ಸಿಗುವ ಕಹಿಯಾದ ಕಂದು ಅಂಟು ಅದು. ಯೋಹಾನನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ನಿಕೊದೇಮನು ಯೇಸುವಿನ ಶವಸಂಸ್ಕಾರಕ್ಕೆ ಹೊತ್ತು ತರುವುದೂ ರಕ್ತಬೋಳವನ್ನೇ. ಮಗು ಹುಟ್ಟಿದ ಮನೆಗೆ ಶವಸಂಸ್ಕಾರದ ಸಾಮಾನು ಬಂದಿತ್ತು. ಕ್ರಿಸ್ಮಸ್‌ಅನ್ನು ಶಿಲುಬೆಯಿಂದ ಬಿಡಿಸಿ ಬರಿಯ ಮುದ್ದು ಕೂಸಿನ ಹಬ್ಬವಾಗಿ ಮಾಡಿದರೆ ಅದು ಸತ್ಯವೇದದ ಕ್ರಿಸ್ಮಸ್ ಆಗಿ ಉಳಿಯುವುದಿಲ್ಲ.

ಈಗ ನಿಮ್ಮ ಅಣ್ಣನ ಮಾತು. ಅವರು ಹೇಳಿದ ಸಂಗತಿ ನಿಜ, ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಯೇಸು ಹುಟ್ಟಿದ ದಿನ, ತಿಂಗಳು ಸತ್ಯವೇದದಲ್ಲಿ ಇಲ್ಲ. ಡಿಸೆಂಬರ್ 25ರ ಮೊದಲ ದಾಖಲೆ ರೋಮ್ ನಗರದ್ದು, ಕ್ರಿ.ಶ. 336ರ ಸುಮಾರಿನದು. ಅದಕ್ಕೂ ಮೊದಲು, 200ರ ಸುಮಾರಿಗೆ, ಕೆಲವು ಕ್ರೈಸ್ತರು ಮೇ ತಿಂಗಳ ದಿನವೊಂದನ್ನು ಲೆಕ್ಕ ಹಾಕಿದ್ದರೆಂದು ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬ ಕ್ರೈಸ್ತ ಪಂಡಿತರು ಬರೆದಿದ್ದಾರೆ. ಅರ್ಮೇನಿಯದ ಸಭೆ ಇಂದಿಗೂ ಜನವರಿ 6ರಂದು ಆಚರಿಸುತ್ತದೆ. ಡಿಸೆಂಬರ್ 25 ಹೇಗೆ ಬಂತೆಂಬುದಕ್ಕೆ ವಿದ್ವಾಂಸರಲ್ಲಿ ಎರಡು ವಾದಗಳಿವೆ. ರೋಮನ್ನರು ಆ ದಿನ ಸೂರ್ಯನ ಹಬ್ಬ ಮಾಡುತ್ತಿದ್ದರು, ಕ್ರೈಸ್ತರು ಅದರ ಜಾಗದಲ್ಲಿ ನಿಜವಾದ ಬೆಳಕಿನ ಹಬ್ಬವನ್ನು ಇಟ್ಟರು ಎಂಬುದು ಒಂದು. ಯೇಸು ಶಿಲುಬೆಗೇರಿದ್ದು ಮಾರ್ಚ್ 25 ಎಂದೂ, ತಾಯಿಯ ಗರ್ಭಕ್ಕೆ ಬಂದದ್ದೂ ಅದೇ ದಿನವೆಂದೂ ನಂಬಿ ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ನಿಜವಾದರೂ ನಮ್ಮ ನಂಬಿಕೆ ಅಲುಗುವುದಿಲ್ಲ. ನಾವು ಆರಾಧಿಸುವುದು ತಾರೀಕನ್ನಲ್ಲ.

ನಿಮ್ಮ ಅಣ್ಣನಿಗೆ ಎರಡು ವಚನ ತೋರಿಸಿ: ಯೋಹಾನ 10ನೆಯ ಅಧ್ಯಾಯ, 22 ಮತ್ತು 23. ಯೆರೂಸಲೇಮಿನಲ್ಲಿ ದೇವಾಲಯದ ಪ್ರತಿಷ್ಠೆಯ ಹಬ್ಬ, ಅದು ಚಳಿಗಾಲ, ಯೇಸು ದೇವಾಲಯದ ಮಂಟಪದಲ್ಲಿ ತಿರುಗಾಡುತ್ತಿದ್ದನು ಎಂದು ಅಲ್ಲಿದೆ. ಆ ಹಬ್ಬ ಮೋಶೆಯ ಧರ್ಮಶಾಸ್ತ್ರದಲ್ಲಿ ಇಲ್ಲ. ಕ್ರಿ.ಪೂ. 164ರಲ್ಲಿ ಮಕ್ಕಬಿಯರೆಂಬ ಯೆಹೂದಿ ಹೋರಾಟಗಾರರು ಅಪವಿತ್ರವಾಗಿದ್ದ ದೇವಾಲಯವನ್ನು ಶುದ್ಧಮಾಡಿದ ನೆನಪಿಗೆ ಯೆಹೂದ್ಯರು ತಾವೇ ಆರಂಭಿಸಿಕೊಂಡ ಹಬ್ಬ ಅದು. ಶಾಸ್ತ್ರದಲ್ಲಿ ಅಪ್ಪಣೆಯಿಲ್ಲದ ಹಬ್ಬವೆಂದು ಯೇಸು ಅದನ್ನು ಖಂಡಿಸಲಿಲ್ಲ, ಆ ದಿನಗಳಲ್ಲಿ ದೇವಾಲಯದಿಂದ ದೂರ ಇರಲೂ ಇಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯವನ್ನೂ ಓದಿಸಿ. ಒಬ್ಬನು ಒಂದು ದಿನವನ್ನು ವಿಶೇಷವೆಂದು ಎಣಿಸುತ್ತಾನೆ, ಇನ್ನೊಬ್ಬನು ಎಲ್ಲ ದಿನಗಳನ್ನೂ ಸಮವೆಂದು ಎಣಿಸುತ್ತಾನೆ, ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ದೃಢನಾಗಿರಲಿ ಎನ್ನುತ್ತಾನೆ. ಇದರಂತೆ ನಿಮ್ಮ ಅಣ್ಣನಿಗೂ ಆಚರಿಸದೆ ಇರುವ ಸ್ವಾತಂತ್ರ್ಯವಿದೆ. ಅವರನ್ನು ಬಲವಂತ ಮಾಡಬೇಡಿ. ಆಚರಿಸುವವರು ಪಾಪಿಗಳೆಂದು ತೀರ್ಪು ಕೊಡುವ ಅಧಿಕಾರ ಮಾತ್ರ ಆ ಅಧ್ಯಾಯ ಯಾರಿಗೂ ಕೊಟ್ಟಿಲ್ಲ.

ಕ್ರಿಸ್ಮಸ್ ಮರದ ವಿರುದ್ಧ ಪ್ರವಾದಿ ಯೆರೆಮೀಯನ ಪುಸ್ತಕದ 10ನೆಯ ಅಧ್ಯಾಯವನ್ನು ಎತ್ತುವವರಿದ್ದಾರೆ. ಅಲ್ಲಿರುವುದು ಮರ ಕಡಿದು ವಿಗ್ರಹ ಕೆತ್ತಿ ಬೆಳ್ಳಿ ಬಂಗಾರ ಹೊದಿಸುವ ಮಾತು. ನಿಮ್ಮ ತೋಟದ ಸಿಲ್ವರ್ ಓಕ್ ಕೊಂಬೆಗೆ ಮಕ್ಕಳು ಬಣ್ಣದ ಕಾಗದ ಕಟ್ಟುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಗೋದಲಿ ಕಟ್ಟುವ ಪದ್ಧತಿಯ ಮೂಲ ಗೊತ್ತಿರುವಂಥದ್ದು. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ, ಆ ಮಗು ಪಟ್ಟ ಕೊರತೆಯನ್ನು ಹಳ್ಳಿಗರು ಕಣ್ಣಾರೆ ಕಾಣಲೆಂದು ಏರ್ಪಡಿಸಿದರು. ಇಂದು ಕೆಲವೆಡೆ ಗೋದಲಿಗಳು ಸ್ಪರ್ಧೆಗೆ ಇಳಿದು, ಜಲಪಾತ, ರೈಲು, ಓಡಾಡುವ ಗೊಂಬೆಗಳ ನಡುವೆ ಕೂಸನ್ನು ಹುಡುಕಬೇಕಾಗಿದೆ. ನನಗೆ ಇದರಿಂದ ನೋವಾಗುತ್ತದೆ. ಬಡತನವನ್ನು ತೋರಿಸಲೆಂದು ಹುಟ್ಟಿದ ಪದ್ಧತಿ ಅದು.

ನಿಮ್ಮ ಪಕ್ಕದ ಮನೆಯ ಹಿರಿಯರ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಅದು ವಾದದ ಪ್ರಶ್ನೆಯಲ್ಲ, ಸ್ನೇಹದ ಪ್ರಶ್ನೆ. ಬೇಲೂರಿನ ಕಲ್ಲಿನಲ್ಲಿ ಅವತಾರಗಳನ್ನು ನೋಡುತ್ತ ಬೆಳೆದವರು ಬೇರೆ ಯಾವ ಪದದಿಂದ ತಾನೇ ಕೇಳಬೇಕು? ನಮ್ಮ ಹಳೆಯ ಸತ್ಯವೇದದ ಅನುವಾದಕರೇ ಯೋಹಾನನ ಮೊದಲ ಅಧ್ಯಾಯದ 14ನೆಯ ವಚನಕ್ಕೆ ಬಂದಾಗ, ವಾಕ್ಯವೆಂಬಾತನು, ಅಂದರೆ ಕ್ರಿಸ್ತನು, ‘ನರಾವತಾರ’ ಎತ್ತಿದನು ಎಂದು ಬರೆದರು. ಆದ್ದರಿಂದ ಆ ಹಿರಿಯರಿಗೆ, ‘ಅಲ್ಲ, ಹಾಗೆನ್ನಬೇಡಿ’ ಎಂದು ಆರಂಭಿಸಬೇಡಿ. ದೇವರು ಕನಿಕರದಿಂದ ಕೆಳಗಿಳಿದು ಬರುತ್ತಾನೆಂದು ನೀವು ನಂಬುವಿರಲ್ಲ, ನಾವೂ ಅದನ್ನೇ ನಂಬಿದ್ದೇವೆ ಎಂದು ಆರಂಭಿಸಿ. ಆಮೇಲೆ ಎಲ್ಲಿ ದಾರಿ ಬೇರೆಯಾಗುತ್ತದೆಂದು ಪ್ರಾಮಾಣಿಕವಾಗಿ ಹೇಳಿ. ಎರಡೂ ಒಂದೇ ಎಂದುಬಿಟ್ಟರೆ ಅವರ ನಂಬಿಕೆಗೂ ನಮ್ಮ ನಂಬಿಕೆಗೂ ಗೌರವ ಸಲ್ಲಿಸಿದಂತೆ ಆಗುವುದಿಲ್ಲ.

ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ ಮಾತು ಅವರಿಗೆ ಬಾಯಿಪಾಠವಿರುತ್ತದೆ. ಧರ್ಮಕ್ಕೆ ಕುಂದು ಬಂದಾಗಲೆಲ್ಲ, ಸಜ್ಜನರ ರಕ್ಷಣೆಗೆ, ದುಷ್ಟರ ನಾಶಕ್ಕೆ, ಯುಗಯುಗದಲ್ಲಿ ಬರುತ್ತೇನೆ ಎಂಬ ವಚನ ಅದು. ಸುವಾರ್ತೆ ಹೇಳುವುದು ಒಂದೇ ಸಲದ ಬರುವಿಕೆಯನ್ನು. ಇಬ್ರಿಯರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯ ‘ಒಂದೇ ಸಾರಿ’ ಎಂಬ ಮಾತನ್ನು ಒತ್ತಿ ಒತ್ತಿ ಹೇಳುತ್ತದೆ. ಆ ಒಂದು ಸಲವೂ ಯುಗದ ಲೆಕ್ಕದಲ್ಲಿಲ್ಲ. ಔಗುಸ್ತನ ಆಳ್ವಿಕೆ, ಯೆಹೂದ್ಯರ ನಾಡಿನ ಅರಸ ಹೆರೋದನ ಕಾಲ, ಖಾನೇಷುಮಾರಿ ಬರೆಸುವ ಗಡಿಬಿಡಿ, ಹೀಗೆ ಸರ್ಕಾರಿ ದಫ್ತರಿನ ಲೆಕ್ಕದಲ್ಲಿದೆ. ದೂತನು ಮರಿಯಳ ಗಂಡ ಯೋಸೇಫನಿಗೆ ಹೇಳಿದ ಕಾರಣವೂ ಬೇರೆ. ಮತ್ತಾಯನ ಮೊದಲ ಅಧ್ಯಾಯದ 21ನೆಯ ವಚನದಂತೆ ಆತನು ಬರುವುದು ತನ್ನ ಜನರನ್ನು ಅವರ ಪಾಪಗಳಿಂದ ಬಿಡಿಸಲು. ದುಷ್ಟರು ಒಂದು ಕಡೆ, ನಾವು ಇನ್ನೊಂದು ಕಡೆ ಎಂಬ ಗೆರೆಯನ್ನು ಆ ವಚನ ಎಳೆಯುವುದಿಲ್ಲ. ಬಿಡುಗಡೆ ಬೇಕಾದವರ ಸಾಲಿನಲ್ಲಿ ಆತನ ಜನರೇ ನಿಂತಿದ್ದಾರೆ, ನಾನೂ ನಿಂತಿದ್ದೇನೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಯೋಹಾನನು ಆ 14ನೆಯ ವಚನದಲ್ಲಿ ಬಳಸಿದ ಪದ. ವಾಕ್ಯವು ಮನುಷ್ಯನಂತೆ ಕಾಣಿಸಿತು ಎಂದು ಅವನು ಬರೆಯಲಿಲ್ಲ. ‘ಸಾರ್ಕ್ಸ್’ ಆಯಿತು ಎಂದು ಬರೆದನು. ಸಾರ್ಕ್ಸ್ ಎಂದರೆ ಮಾಂಸ. ಹಸಿಯುವ, ಬೆವರುವ, ಗಾಯವಾದರೆ ರಕ್ತ ಸುರಿಸುವ ಮೈ. ಮೊದಲ ಶತಮಾನದ ಕೊನೆಯಲ್ಲೇ, ಆ ದೇಹ ಬರಿಯ ತೋರಿಕೆ, ದೇವರು ನಿಜವಾಗಿ ನೋವುಣ್ಣಲಾರನು ಎಂದು ಬೋಧಿಸುವವರು ಹುಟ್ಟಿಕೊಂಡಿದ್ದರು. ಯೋಹಾನನ ಮೊದಲ ಪತ್ರದ ನಾಲ್ಕನೆಯ ಅಧ್ಯಾಯ ಅವರನ್ನು ಮುಖಕ್ಕೆ ಹೊಡೆದಂತೆ ನಿರಾಕರಿಸುತ್ತದೆ. ಸುವಾರ್ತೆಗಳ ಯೇಸು ಬಾವಿಯ ಬಳಿ ದಣಿದು ಕುಳಿತನು, ಗೆಳೆಯನ ಸಮಾಧಿಯ ಮುಂದೆ ಅತ್ತನು. ಬಾಲಕನಾಗಿ ಜ್ಞಾನದಲ್ಲಿಯೂ ಮೈಯಲ್ಲಿಯೂ ಬೆಳೆದನು ಎನ್ನುತ್ತಾನೆ ಲೂಕ. ಬೆಳೆದನು ಎಂದರೆ ಒಂದು ಕಾಲದಲ್ಲಿ ನಡೆಯಲು ಬಾರದೆ ತಾಯಿಯ ಬೆರಳು ಹಿಡಿದಿದ್ದನು ಎಂದೇ ಅರ್ಥ. ಕೆಲಸ ಮುಗಿದ ಮೇಲೆ ಆ ಮೈಯನ್ನು ಕಳಚಿ ಎಸೆಯಲೂ ಇಲ್ಲ. ಎದ್ದುಬಂದ ಮೇಲೆ ಕೈಕಾಲುಗಳನ್ನು ತೋರಿಸಿ, ಶಿಷ್ಯರ ಮುಂದೆ ಸುಟ್ಟ ಮೀನು ತಿಂದನು. 451ರಲ್ಲಿ ಕಲ್ಕೆದೋನಿನಲ್ಲಿ ಸೇರಿದ ಸಭಾಧ್ಯಕ್ಷರು, ಆತನು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು ಒಂದು ಸೂತ್ರವಾಗಿ ಬರೆದಿಟ್ಟದ್ದು ಇದನ್ನೇ. ಸೂತ್ರ ಕಠಿಣವಾಗಿ ಕಾಣಬಹುದು, ಆದರೆ ಅದು ಕಾಯುತ್ತಿರುವುದು ತೊಟ್ಟಿಯಲ್ಲಿ ಮಲಗಿದ ಆ ಕೂಸನ್ನು.

ಅದೇ ವಚನದ ಮುಂದಿನ ಮಾತು ‘ನಮ್ಮ ಮಧ್ಯದಲ್ಲಿ ವಾಸಮಾಡಿದನು’. ಗ್ರೀಕಿನಲ್ಲಿ ಅದರ ಅರ್ಥ ಗುಡಾರ ಹಾಕಿದನು ಎಂದು. ಇಸ್ರಾಯೇಲ್ಯರ ಅರಣ್ಯಪ್ರಯಾಣದಲ್ಲಿ ಅವರ ಬಿಡಾರಗಳ ನಡುವೆ ನಿಂತಿದ್ದ ದೇವದರ್ಶನದ ಗುಡಾರದ ನೆನಪು ಅದರಲ್ಲಿದೆ. ನನಗೆ ಅರಸೀಕೆರೆ, ಚನ್ನರಾಯಪಟ್ಟಣದ ಬಯಲುಗಳಲ್ಲಿ ಕೊಯ್ಲಾದ ಹೊಲದಲ್ಲಿ ಕುರಿಮಂದೆ ಬಿಟ್ಟುಕೊಂಡು, ಕಂಬಳಿ ಹೊದ್ದು, ಬೆಂಕಿಯ ಪಕ್ಕ ರಾತ್ರಿ ಕಳೆಯುವ ಕುರುಬರು ನೆನಪಾಗುತ್ತಾರೆ. ಹೊಲದ ಒಡೆಯನಿಗೆ ಗೊಬ್ಬರ ಬೇಕು, ಮಂದೆ ಬರಲಿ ಎನ್ನುತ್ತಾನೆ. ಮಂದೆ ಕಾಯುವವನ ನಿದ್ದೆಯ ಲೆಕ್ಕ ಯಾರೂ ಇಡುವುದಿಲ್ಲ. ಬೇತ್ಲೆಹೇಮಿನ ಸುದ್ದಿ ಮೊದಲು ಮುಟ್ಟಿದ್ದು ಅಂಥವರಿಗೆ. ಯೇಸುವಿನ ಮೂಲಪುರುಷನಾದ ದಾವೀದನೂ ಅದೇ ಬೇತ್ಲೆಹೇಮಿನಲ್ಲಿ ಕುರಿ ಕಾಯುತ್ತಿದ್ದವನು.

ಮರಿಯಳ ಹಾಡನ್ನು ನಮ್ಮ ಸಭೆಗಳಲ್ಲಿ ಇಂಪಾಗಿ ಹಾಡುತ್ತೇವೆ, ಅದರ ಮಾತನ್ನು ಕಿವಿಗೊಟ್ಟು ಕೇಳುವವರು ಕಡಿಮೆ. ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿದ್ದಾನೆ, ದೀನರನ್ನು ಎತ್ತಿದ್ದಾನೆ, ಹಸಿದವರಿಗೆ ಒಳ್ಳೆಯದನ್ನು ತುಂಬಿಕೊಟ್ಟು ಐಶ್ವರ್ಯವಂತರನ್ನು ಬರಿಗೈಯಲ್ಲಿ ಕಳುಹಿಸಿದ್ದಾನೆ ಎಂದು ಆ ಹಳ್ಳಿಯ ಹುಡುಗಿ ಹಾಡುತ್ತಾಳೆ. ಮಗುವನ್ನು ದೇವಾಲಯಕ್ಕೆ ಕರೆತಂದಾಗ ಅವಳು ಕೊಟ್ಟದ್ದು ಹಕ್ಕಿಗಳ ಕಾಣಿಕೆ. ಕುರಿಮರಿ ಕೊಡುವ ಶಕ್ತಿಯಿಲ್ಲದವರಿಗೆ ಯಾಜಕಕಾಂಡದ 12ನೆಯ ಅಧ್ಯಾಯ ಕೊಟ್ಟ ರಿಯಾಯಿತಿ ಅದು. ಡಿಸೆಂಬರ್ ನಮ್ಮಲ್ಲಿ ಅರೇಬಿಕಾ ಕಾಫಿ ಹಣ್ಣು ಕೀಳುವ ಕಾಲ. ನಿಮ್ಮ ಸುತ್ತಲಿನ ತೋಟಗಳ ಕೆಲಸಗಾರರ ಲೈನ್ ಮನೆಗಳಲ್ಲಿ ದೂರದ ಊರುಗಳಿಂದ ಬಂದ ಕುಟುಂಬಗಳು ಇರುತ್ತವೆ. ಕೇಕು ಹಂಚುವಾಗ ಆ ಸಾಲು ಬಿಟ್ಟುಹೋಗದಂತೆ ನೋಡಿಕೊಳ್ಳಿ, ಸಾಧ್ಯವಾದರೆ ಅಲ್ಲಿಂದಲೇ ಶುರುಮಾಡಿ.

ಮತ್ತಾಯನ ಎರಡನೆಯ ಅಧ್ಯಾಯದ ಉತ್ತರಾರ್ಧವನ್ನು ಹಬ್ಬದ ದಿನ ಓದಲು ಹಿಂಜರಿಯುವವರು ಬಹಳ. ಹೆರೋದನು ಮಕ್ಕಳನ್ನು ಕೊಲ್ಲಿಸುತ್ತಾನೆ. ಯೋಸೇಫನು ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಐಗುಪ್ತಕ್ಕೆ ಹೊರಡುತ್ತಾನೆ. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯಲ್ಲಿ, ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವುದನ್ನು ನೀವು ನೋಡಿರಬಹುದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡ ಕಾಣಿಸುತ್ತದೆ. ಈಗ ಅಲ್ಲಿಗೆ ಫೋಟೋ ತೆಗೆಯಲು ಜನ ಬರುತ್ತಾರೆ. ಆ ಗೋಡೆಗಳ ಸುತ್ತ ಒಂದು ಕಾಲಕ್ಕೆ ಊರಿತ್ತು, ಹೊಲ ಇತ್ತು. ಅಣೆಕಟ್ಟಿಗಾಗಿ ಹೊಳೆಯ ದಂಡೆಯ ಹಳ್ಳಿಗಳನ್ನು ಬಿಟ್ಟು ಬಂದ ಒಬ್ಬ ಅಜ್ಜಿ ಬಹಳ ಹಿಂದೆ ನನಗೆ ಹೇಳಿದ್ದರು: “ಗಾಡಿಯಲ್ಲಿ ಜಾಗ ಕಡಿಮೆ ಇತ್ತು. ಬಾಗಿಲುವಾಡ ಹೇರಿದೆವು, ಒನಕೆ ಹೇರಿದೆವು. ಗೋದಲಿಯ ಮಣ್ಣಿನ ಗೊಂಬೆಗಳನ್ನು ಮಾತ್ರ ನಾನು ಮಡಿಲಲ್ಲಿಟ್ಟುಕೊಂಡು ಬಂದೆ.” ಐಗುಪ್ತದ ದಾರಿಯಲ್ಲಿ ಮರಿಯಳ ಮಡಿಲಲ್ಲಿ ಇದ್ದದ್ದು ಯಾರೆಂದು ಆ ಅಜ್ಜಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಇಮ್ಮಾನುವೇಲ್ ಎಂದರೆ ದೇವರು ನಮ್ಮ ಸಂಗಡ ಎಂದು ಮತ್ತಾಯನು ಮೊದಲ ಅಧ್ಯಾಯದಲ್ಲಿ ಬರೆದಾಗ, ಈ ಸಂಗಡ ಎಂಬುದು ಊರು ಬಿಡುವ ಗಾಡಿಯ ವರೆಗೂ ಬರುವ ಸಂಗಡ.

ಇನ್ನು ಆ ಪುಟ್ಟ ಹುಡುಗಿಯ ವಿಷಯ. ಒಪ್ಪಿಕೊಳ್ಳಿ, ಸಂತೋಷದಿಂದ ಒಪ್ಪಿಕೊಳ್ಳಿ. ಮನೆಯವರನ್ನು ಒಂದು ಮಾತು ಕೇಳಿ, ಅಷ್ಟು ಸಾಕು. ಬೇತ್ಲೆಹೇಮಿಗೆ ಬಂದು ಆ ಮಗುವಿಗೆ ಅಡ್ಡಬಿದ್ದ ಜೋಯಿಸರು ಯೆಹೂದ್ಯರಲ್ಲ, ನಮ್ಮ ಶಾಸ್ತ್ರ ಓದಿಕೊಂಡವರೂ ಅಲ್ಲ. ಆಕಾಶ ನೋಡಿ ಲೆಕ್ಕ ಹಾಕುವ ಮೂಡಣ ನಾಡಿನವರು. ಶಾಸ್ತ್ರ ಬಲ್ಲವರು ಯೆರೂಸಲೇಮಿನಲ್ಲಿದ್ದರು. ಹೆರೋದನು ಕೇಳಿದಾಗ, ಕ್ರಿಸ್ತನು ಬೇತ್ಲೆಹೇಮಿನಲ್ಲಿ ಹುಟ್ಟುವನೆಂಬ ಪ್ರವಾದಿ ಮೀಕನ ವಚನವನ್ನು ತಡವರಿಸದೆ ಹೇಳಿದರು, ಆದರೆ ಒಂಬತ್ತು ಕಿಲೋಮೀಟರ್ ದೂರದ ಬೇತ್ಲೆಹೇಮಿಗೆ ಹೋಗಿ ನೋಡಲಿಲ್ಲ. ನಿಮ್ಮ ಜಗಲಿಯವರೆಗೆ ಬಂದು ನಾನು ಮಲಗಿಸುತ್ತೇನೆಂದು ಕೇಳುತ್ತಿರುವ ಮಗುವನ್ನು ತಡೆಯುವ ವಚನ ನನಗೆ ಸತ್ಯವೇದದಲ್ಲಿ ಎಲ್ಲಿಯೂ ಸಿಕ್ಕಿಲ್ಲ.

24ರ ರಾತ್ರಿ ಅವಳನ್ನೂ ಅಜ್ಜನನ್ನೂ ಕರೆಯಿರಿ. ಲೂಕನ ಎರಡನೆಯ ಅಧ್ಯಾಯವನ್ನು ಮೊದಲಿಂದ 20ನೆಯ ವಚನದವರೆಗೆ ಯಾರಾದರೂ ಗಟ್ಟಿಯಾಗಿ ಓದಲಿ. ಏಳನೆಯ ವಚನ ಬಂದಾಗ ಓದುವುದನ್ನು ನಿಲ್ಲಿಸಿ ಗೊಂಬೆಯನ್ನು ಅವಳ ಕೈಗೆ ಕೊಡಿ. ಅಂಗಡಿಯ ಬಣ್ಣದ ಹುಲ್ಲು ಬೇಡ. ಮನೆಯಲ್ಲಿ ದನ ಇದ್ದರೆ ನಿಮ್ಮದೇ ಕೊಟ್ಟಿಗೆಯಿಂದ, ಇಲ್ಲದಿದ್ದರೆ ಪಕ್ಕದವರ ಕೊಟ್ಟಿಗೆಯಿಂದ ಒಂದು ಹಿಡಿ ಒಣಹುಲ್ಲನ್ನು ಅವಳೇ ತರಲಿ.